ಮುಚ್ಚಿದ ಭಟ್ಟಿಗಳ ಕಥೆ



ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನಾವು ಮನೆಯೊಳಗೆ ಒಂದು ಮಾತು, ಬಜಾರದಲ್ಲಿ ಇನ್ನೊಂದು ಮಾತು ಆಡುವ ಜನ. ಒಂದೇ ಪದಾರ್ಥಕ್ಕೆ ನಮ್ಮ ಬಾಯಲ್ಲಿ ಎರಡೆರಡು ಹೆಸರು. ಈಚಲ ಮರವನ್ನು ಶಿಂದಿ ಎನ್ನುತ್ತೇವೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಮಳಿ ಎನ್ನುತ್ತೇವೆ. ಸರಾಯಿಗೆ ದಾರು ಎನ್ನುತ್ತೇವೆ. ಇವೆಲ್ಲಕ್ಕೂ ಸಂಬಂಧಪಟ್ಟ ಸರಕಾರಿ ಮಾತು ಒಂದಿದೆ, ಅದು ಅಬಕಾರಿ. ಫಾರ್ಸಿಯಲ್ಲಿ ಆಬ್ ಎಂದರೆ ನೀರು, ಕಾರಿ ಎಂದರೆ ಕೆಲಸ. ಅಬಕಾರಿ ಎಂದರೆ ನೀರಿನ ಕೆಲಸ. ಎಂಥ ನೀರು, ಯಾರ ಕೆಲಸ ಎಂಬುದು ತಮಗೆಲ್ಲ ಗೊತ್ತೇ ಇದೆ.

ಈ ವಿಷಯ ಎತ್ತಿಕೊಳ್ಳಲು ಒಂದು ಕಾರಣ ಉಂಟು. ಗಡಿಯ ಒಂದು ಹಳ್ಳಿಯಲ್ಲಿ ನಾಲ್ಕು ಮಾತು ಆಡಿ ಕೆಳಗಿಳಿದಾಗ ವಯಸ್ಸಾದ ತಾಯಿಯೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: "ಯಾಕ್ರಿ ಮಾಸ್ತರ, ದುಕಾನ ಮುಚ್ಚಿದ್ರ ಕುಡಿಯಾದು ನಿಂದರ್ತದ ಏನ್ರಿ?" ನಾನು ಆಗ ಅವರಿಗೆ ಸರಿಯಾದ ಉತ್ತರ ಕೊಡಲಿಲ್ಲ. ನಿಲ್ಲುತ್ತದೆ ಎಂದರೂ ಸುಳ್ಳು, ನಿಲ್ಲುವುದಿಲ್ಲ ಎಂದರೂ ಸುಳ್ಳು. ಅಂದು ಹೇಳಲಾರದೆ ಹೋದ ಉತ್ತರವನ್ನು ಇಂದು ಸ್ವಲ್ಪ ಬಿಡಿಸಿ ಹೇಳುವ ಪ್ರಯತ್ನ ಮಾಡುತ್ತೇನೆ. ಅದಕ್ಕಾಗಿ ಮೊದಲು ತಮ್ಮನ್ನು ಬಹು ದೂರದ ಒಂದು ಊರಿಗೆ ಕರೆದುಕೊಂಡು ಹೋಗಿ, ಆಮೇಲೆ ನಮ್ಮ ಹೊಲದ ಬದುವಿಗೇ ಬಂದು ನಿಲ್ಲುತ್ತೇನೆ.

ಇಂಗ್ಲೆಂಡಿನ ಉತ್ತರಕ್ಕೆ ಸ್ಕಾಟ್ಲೆಂಡ್ ಎಂಬ ದೇಶವಿದೆ. ಅದರ ಉತ್ತರ ತುದಿಯ ಕಡೆ, ಸದರ್‌ಲೆಂಡ್ ಎಂಬ ಸೀಮೆಯಲ್ಲಿ, ಸಮುದ್ರದ ದಂಡೆಗೆ ಬ್ರೋರಾ ಎಂಬ ಚಿಕ್ಕ ಊರು. ಇನ್ನೂರು ವರ್ಷಗಳ ಹಿಂದೆ ಆ ಸೀಮೆಯ ಒಳಗಿನ ಕಣಿವೆಗಳಲ್ಲಿ ಬಡ ರೈತರು ತಲೆಮಾರುಗಳಿಂದ ಬದುಕಿದ್ದರು. ಒಂದಿಷ್ಟು ದನ, ಒಂದಿಷ್ಟು ಜವೆಗೋದಿ. ಕಳ್ಳಭಟ್ಟಿಯೂ ಇತ್ತು. ಜಮೀನ್ದಾರರಿಗೆ ಕುರಿಯಿಂದ ಹೆಚ್ಚು ಹಣ ಬರುತ್ತದೆಂದು ಕಂಡಾಗ, ಈ ಜನರನ್ನು ಮನೆ ಬಿಡಿಸಿ ಸಮುದ್ರದ ದಂಡೆಗೆ ಅಟ್ಟಿದರು. ಮನೆಗಳ ಜಂತೆಗೆ ಬೆಂಕಿ ಹಚ್ಚಿದ ಸಂಗತಿಗಳೂ ಚರಿತ್ರೆಯಲ್ಲಿ ದಾಖಲಾಗಿವೆ. ಆ ಸೀಮೆಯ ಒಡೆಯ ಸ್ಟ್ಯಾಫರ್ಡ್ ಮಾರ್ಕ್ವಿಸ್ ಎಂಬಾತ 1819ರಲ್ಲಿ ಬ್ರೋರಾದಲ್ಲಿ ಒಂದು ವಿಸ್ಕಿ ಭಟ್ಟಿ ಕಟ್ಟಿಸಿದ. ಅದಕ್ಕೆ ಕ್ಲೈನ್‌ಲಿಶ್ ಎಂದು ಹೆಸರು. ದಂಡೆಗೆ ಬಂದು ನೆಲೆಸಿದ ರೈತರ ಧಾನ್ಯಕ್ಕೆ ಮಾರುಕಟ್ಟೆ ಆಗುತ್ತದೆ, ಕಳ್ಳಭಟ್ಟಿ ನಿಲ್ಲುತ್ತದೆ ಎಂಬುದು ಒಡೆಯರ ಕಡೆಯ ವಾದ. ಅಂದರೆ ರೈತ ತನ್ನ ಒಲೆಯ ಮೇಲೆ ಕಾಸಿದರೆ ಅಪರಾಧ, ಒಡೆಯನ ಒಲೆಯ ಮೇಲೆ ಕಾಸಿದರೆ ಉದ್ಯೋಗ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿ.

ವಿಸ್ಕಿ ಹೇಗೆ ಆಗುತ್ತದೆ? ನಮ್ಮ ತಾಯಂದಿರು ಕೂಸಿನ ಅಂಬಲಿಗೆ ಧಾನ್ಯ ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ ಬೀಸುತ್ತಾರಲ್ಲ, ಆರಂಭ ಅಲ್ಲಿಯೇ. ಜವೆಗೋದಿಯನ್ನು ಮೊಳಕೆ ಬರಿಸುತ್ತಾರೆ. ಮೊಳಕೆಯೊಡೆದ ಕಾಳಿನಲ್ಲಿ ಹಿಟ್ಟಿನ ಅಂಶ ಸಿಹಿಯಾಗುವ ಶಕ್ತಿ ಪಡೆಯುತ್ತದೆ. ಅದನ್ನು ಬೆಂಕಿಯ ಶಾಖದಲ್ಲಿ ಒಣಗಿಸಿ, ನುಚ್ಚು ಮಾಡಿ, ಬಿಸಿನೀರು ಹೊಯ್ದು ಸಿಹಿರಸ ತೆಗೆಯುತ್ತಾರೆ. ರಸಕ್ಕೆ ಹುದುಗು ಬರಿಸುತ್ತಾರೆ. ಹುದುಗಿದ ರಸವನ್ನು ತಾಮ್ರದ ಹಂಡೆಯಲ್ಲಿ ಸಾಮಾನ್ಯವಾಗಿ ಎರಡು ಸಲ ಕಾಸಿ, ಉಗಿಯನ್ನು ತಣಿಸಿ ಇಳಿಸುತ್ತಾರೆ. ಆಮೇಲೆ ಓಕ್ ಮರದ ಪೀಪಾಯಿಯಲ್ಲಿ ಕಡಿಮೆಯೆಂದರೆ ಮೂರು ವರ್ಷ ಇಡಬೇಕು. ಇಡದಿದ್ದರೆ ಅಲ್ಲಿಯ ಕಾಯ್ದೆ ಅದಕ್ಕೆ ಸ್ಕಾಚ್ ಎಂಬ ಹೆಸರು ಕೊಡುವುದಿಲ್ಲ.

ಮೊಳಕೆ ಒಣಗಿಸುವ ಬೆಂಕಿಗೆ ಕೆಲವು ಕಡೆ ಪೀಟ್ ಎಂಬುದನ್ನು ಉರಿಸುತ್ತಾರೆ. ಜವುಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತ ಹುಲ್ಲುಗಡ್ಡೆ ಮಣ್ಣಿನಂತೆ ಆಗಿರುತ್ತದೆ. ಅದನ್ನು ಇಟ್ಟಂಗಿಯಂತೆ ಕತ್ತರಿಸಿ ಒಣಗಿಸಿದರೆ ನಮ್ಮ ಕುಳ್ಳಿನಂತೆ ಉರಿಯುತ್ತದೆ. ಕುಳ್ಳಿನ ಹೊಗೆ ಹಾಲಿಗೆ ಹತ್ತುವ ಹಾಗೆ ಪೀಟಿನ ಹೊಗೆ ಕಾಳಿಗೆ ಹತ್ತುತ್ತದೆ, ಕಾಳಿನಿಂದ ವಿಸ್ಕಿಗೆ ಬರುತ್ತದೆ. ಬ್ರೋರಾದಲ್ಲಿ 1967-68ರ ಸುಮಾರಿಗೆ ಹಳೆಯ ಭಟ್ಟಿಯ ಮಗ್ಗುಲಿಗೇ ಹೊಸ ದೊಡ್ಡ ಭಟ್ಟಿ ಬಂತು. ಹಳೆಯದು 1968ರಲ್ಲಿ ನಿಂತು, 1969ರಲ್ಲಿ ಮತ್ತೆ ಹತ್ತಿತು. ಪಶ್ಚಿಮದ ಐಲಾ ದ್ವೀಪದ ಹೊಗೆಯ ರುಚಿಯ ವಿಸ್ಕಿಗೆ ಕೊರತೆ ಬಿದ್ದಿದ್ದರಿಂದ, ಅದನ್ನು ಇಲ್ಲಿ ತಯಾರಿಸಲು ಹಚ್ಚಿದರು. ಹೊಸದು ಕ್ಲೈನ್‌ಲಿಶ್ ಎಂಬ ಹೆಸರು ತೆಗೆದುಕೊಂಡಿತು, ಹಳೆಯದಕ್ಕೆ ಊರಿನ ಹೆಸರೇ ಉಳಿಯಿತು, ಬ್ರೋರಾ. ಅದರ ವಿಸ್ಕಿಯಲ್ಲಿ ಹೊಗೆ, ಜೇನುಮೇಣ ಮತ್ತು ದನದ ಕೊಟ್ಟಿಗೆಯ ವಾಸನೆ ಒಟ್ಟಿಗೆ ಬರುತ್ತವೆ ಎಂದು ಬಲ್ಲವರು ಬರೆಯುತ್ತಾರೆ. ಕೊಟ್ಟಿಗೆಯ ವಾಸನೆ ಹೊಗಳಿಕೆಯ ಮಾತೇ ಎಂದು ತಾವು ನಗಬಹುದು. ಅಲ್ಲಿ ಅದು ಹೊಗಳಿಕೆಯೇ.

1983ರಲ್ಲಿ ಆ ಭಟ್ಟಿ ಮುಚ್ಚಿತು. ಕಾರಣ ಯಾವ ಚಳವಳಿಯೂ ಅಲ್ಲ, ಯಾವ ನಿಷೇಧವೂ ಅಲ್ಲ. ಎಪ್ಪತ್ತರ ದಶಕದಲ್ಲಿ ವಿಸ್ಕಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಇಳಿಸಿದ್ದರು, ಪೇಟೆ ಬಿದ್ದಿತು. ಒಂದೇ ಕಂಪನಿ ಆ ವರ್ಷ ಸುಮಾರು ಹತ್ತು ಭಟ್ಟಿಗಳಿಗೆ ಬೀಗ ಹಾಕಿತು. ಐಲಾದ ಪೋರ್ಟ್ ಎಲೆನ್ ಕೂಡ ಅದೇ ವರ್ಷ ನಿಂತಿತು. ಮುಂದೆ ನಡೆದದ್ದು ವಿಚಿತ್ರ. ಪೀಪಾಯಿಗಳಲ್ಲಿ ಉಳಿದಿದ್ದ ವಿಸ್ಕಿಯನ್ನು ಜನ ಹುಡುಕಿಕೊಂಡು ಬಂದರು. ಮತ್ತೆ ಆಗಲಾರದ ವಸ್ತು ಎಂದು ಒಂದೊಂದು ಸೀಸೆಗೆ ಲಕ್ಷಗಟ್ಟಲೆ ರೂಪಾಯಿ ಸುರಿದರು. ಬೀಗ ಹಾಕಿದ ಮಾಲಕರು ಲೆಕ್ಕ ಹಾಕಿ ನೋಡಿ, ಹಳೆಯ ತಾಮ್ರದ ಹಂಡೆಗಳೆರಡನ್ನು ರಿಪೇರಿ ಮಾಡಿಸಿ, 2021ರಲ್ಲಿ ಬ್ರೋರಾವನ್ನು ಮತ್ತೆ ಹೊತ್ತಿಸಿದರು. ಪೋರ್ಟ್ ಎಲೆನ್ 2024ರಲ್ಲಿ ತೆರೆಯಿತು. ಪೇಟೆ ಬಿದ್ದಾಗ ಮುಚ್ಚಿದ್ದು ಪೇಟೆ ಎದ್ದಾಗ ತೆರೆಯಿತು. ಕಣಿವೆಗಳಿಂದ ಎದ್ದುಹೋದ ಜನರ ಮಕ್ಕಳು ಮರಿಮಕ್ಕಳು ಮಾತ್ರ ಕೆನಡಾದಂಥ ದೇಶಗಳಲ್ಲಿ ಉಳಿದರು. ಅವರು ತಿರುಗಿ ಬರಲಿಲ್ಲ.

ಇನ್ನು ನಮ್ಮ ಬದುವಿಗೆ ಬರೋಣ.

ನಮ್ಮ ಹಳ್ಳಗಳ ದಂಡೆಗೆ, ಬದುಗಳ ಮೇಲೆ ಒಂದು ಕಾಲದಲ್ಲಿ ಈಚಲ ಮರಗಳು ಸಾಲಾಗಿ ನಿಂತಿದ್ದವು. ಅದರ ಗರಿಯಿಂದ ಚಾಪೆ, ಬುಟ್ಟಿ, ಕಸಬರಿಗೆ. ಚಳಿಗಾಲದಲ್ಲಿ ಅದರ ನೆತ್ತಿಯ ಕೆಳಗೆ ಕೆತ್ತಿ ಗಡಿಗೆ ಕಟ್ಟಿದರೆ ರಾತ್ರಿಯೆಲ್ಲ ರಸ ಇಳಿಯುತ್ತದೆ. ಸೂರ್ಯ ಹುಟ್ಟುವ ಮೊದಲು ಇಳಿಸಿದರೆ ಅದು ನೀರಾ, ಕೂಸೂ ಕುಡಿಯಬಹುದು. ಹೊತ್ತು ಏರಿದಂತೆ ಗಾಳಿಯಲ್ಲಿರುವ ಹುದುಗು ಅದಕ್ಕೆ ಹತ್ತಿ, ಮಧ್ಯಾಹ್ನಕ್ಕೆ ನೊರೆ ಏಳುತ್ತದೆ, ಸಂಜೆಗೆ ಅಮಲಾಗುತ್ತದೆ, ಮರುದಿನಕ್ಕೆ ಹುಳಿ ತಿರುಗಿ ಕೆಡುತ್ತದೆ. ಸ್ಕಾಟ್ಲೆಂಡಿನ ವಿಸ್ಕಿ ಪೀಪಾಯಿಯಲ್ಲಿ ವರ್ಷಗಟ್ಟಲೆ ಕಾಯುತ್ತದೆ. ನಮ್ಮ ಸೇಂದಿಯ ಆಯುಷ್ಯ ಒಂದು ಹಗಲು. ಅದನ್ನು ಕೂಡಿಡಲು ಬರುವುದಿಲ್ಲ, ದೂರ ಸಾಗಿಸಲು ಬರುವುದಿಲ್ಲ. ಮರ ಇದ್ದ ಊರಲ್ಲೇ, ಆ ದಿನವೇ ಮುಗಿಯಬೇಕು.

ಈ ಕೆಲಸ ನಮ್ಮಲ್ಲಿ ಬಹು ಹಳೆಯದು. ಉಮರ್ಗಾದಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಸಿಗುವ ಬಸವಕಲ್ಯಾಣವೇ ಹನ್ನೆರಡನೆಯ ಶತಮಾನದ ಕಲ್ಯಾಣ. ಅಲ್ಲಿಯ ಶರಣರಲ್ಲಿ ಹೆಂಡದ ಮಾರಯ್ಯ ಎಂಬವರಿದ್ದರು. ಹೆಸರೇ ಹೇಳುವಂತೆ ಹೆಂಡ ಮಾರುವುದು ಅವರ ಕಾಯಕ. ತಮ್ಮ ಕಸುಬಿನ ಮಾತುಗಳನ್ನೇ ಹಿಡಿದು ಅವರು ಅನುಭಾವದ ವಚನ ಹೇಳಿದರು. ಅನುಭವ ಮಂಟಪದಲ್ಲಿ ಅವರನ್ನು ಹೊರಗೆ ನಿಲ್ಲಿಸಲಿಲ್ಲ. ಈ ಮಾತು ಏಕೆ ಹೇಳುತ್ತೇನೆಂದರೆ, ಕುಡಿತವನ್ನು ಬೈಯುವ ಭರದಲ್ಲಿ ನಾವು ಆ ಕಸುಬಿನ ಈಡಿಗರನ್ನೂ ಕಲಾಲರನ್ನೂ ಬೈಯುತ್ತೇವೆ. ಮರ ಹತ್ತಿ ರಸ ಇಳಿಸಿದವನು ಎಂದೂ ಮಾಳಿಗೆ ಕಟ್ಟಲಿಲ್ಲ. ಮಾಳಿಗೆ ಕಟ್ಟಿದವನು ಗುತ್ತೆ ಹಿಡಿದವನು.

ನಿಜಾಮರ ರಾಜ್ಯದಲ್ಲಿ ಈ ಗುತ್ತೆ ಖಜಾನೆಯ ಒಂದು ದೊಡ್ಡ ಕಂಬವಾಗಿತ್ತು. ಮರಕ್ಕೆ ಸುಂಕ, ದುಕಾನಿಗೆ ಹರಾಜು. ಸೇಂದಿಯಿಂದಲೂ, ಮೋಹಾ ಹೂವಿನ ಸರಾಯಿಯಿಂದಲೂ ಸರಕಾರಕ್ಕೆ ಹಣ ಬರುತ್ತಿತ್ತು. ಬಡವನು ಕುಡಿದಷ್ಟೂ ಖಜಾನೆ ತುಂಬುವ ಏರ್ಪಾಡು ಅದು. ಆದ್ದರಿಂದಲೇ 1947ರಲ್ಲಿ ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹ ಎದ್ದಾಗ, ಶಿಂದಿಯ ಮರ ಕಡಿಯುವುದೂ ಸತ್ಯಾಗ್ರಹದ ಒಂದು ಭಾಗವಾಯಿತು. ಮರ ಬಿದ್ದರೆ ಸುಂಕ ಬೀಳುತ್ತದೆ ಎಂಬ ಲೆಕ್ಕ. ನಮ್ಮ ಹಿರಿಯರೊಬ್ಬರು ಹೇಳುತ್ತಿದ್ದರು: "ರಾತ್ರಿ ಕೊಡ್ಲಿ ಸಪ್ಪಳ ಕೇಳ್ತಿತ್ತು. ಮುಂಜಾನೆ ನೋಡಿದ್ರ ಬದುವಿನ ಮ್ಯಾಲ ಮರ ಅಡ್ಡ ಬಿದ್ದಿರ್ತಿದ್ದು. ಕಡ್ದವ್ರು ಯಾರಂತ ಎಲ್ರಿಗೂ ಗೊತ್ತು, ಯಾರೂ ಹೇಳ್ತಿದ್ದಿಲ್ಲ." ಆ ರಾತ್ರಿಗಳಲ್ಲಿ ಕೊಡಲಿ ಹಿಡಿದವರು ಕುಡಿತಕ್ಕಿಂತ ಹೆಚ್ಚಾಗಿ ನಿಜಾಮರ ಖಜಾನೆಯನ್ನು ಕಡಿಯುತ್ತಿದ್ದರು.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು, ನಿಜಾಮರ ಆಳಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದವು. ಅಲ್ಲಿಯವರೆಗೆ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯ ತಾಲೂಕುಗಳು. ಆ ದಿನ ಅವು ಮುಂಬಯಿ ರಾಜ್ಯದ ಕಡೆ ಬಂದವು, ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಹೋದವು. ಸೊಸೆಯ ತವರು ಒಂದು ರಾಜ್ಯ, ಗಂಡನ ಮನೆ ಇನ್ನೊಂದು ರಾಜ್ಯ ಆಯಿತು. ಭಾಷೆಯ ಲೆಕ್ಕದ ಮಾತು ತಾವು ಸಾಕಷ್ಟು ಕೇಳಿದ್ದೀರಿ. ಸರಾಯಿಯ ಲೆಕ್ಕವನ್ನು ಯಾರೂ ಹೇಳಿರಲಿಕ್ಕಿಲ್ಲ. ಅಂದಿನಿಂದ ಒಂದೇ ಹಳ್ಳದ ಎರಡು ದಂಡೆಗೆ ಎರಡು ಅಬಕಾರಿ ಕಾಯ್ದೆಗಳಾದವು.

ಈ ಕಡೆ ಬಂದದ್ದು 1949ರ ಮುಂಬಯಿ ದಾರುಬಂದಿ ಕಾಯ್ದೆ. ಹೆಸರು ನೋಡಿ, ದಾರುಬಂದಿ. ಇಂದಿಗೂ ಮಹಾರಾಷ್ಟ್ರದಲ್ಲಿ ಅದೇ ಕಾಯ್ದೆ ನಡೆಯುತ್ತಿದೆ. ಆದರೆ ವರ್ಷಗಳು ಕಳೆದಂತೆ ಅದರೊಳಗೆ ಪರವಾನಗಿಯ ಬಾಗಿಲುಗಳು ತೆರೆದವು. 1973ರಲ್ಲಿ ದೇಶಿ ದಾರುವಿನ ನಿಯಮಗಳು ಬಂದವು. ಬಂದಿ ಮಾಡುವ ಕಾಯ್ದೆಯ ಕೈಯಿಂದಲೇ ದುಕಾನಿಗೆ ಲೈಸೆನ್ಸು ಸಿಗುತ್ತದೆ. ಉಪವಾಸದ ದಿನ ಫರಾಳ ಹೆಚ್ಚಾಗುವ ಹಾಗೆ.

ಆ ಕಡೆ ಕರ್ನಾಟಕದಲ್ಲಿ ಸರಾಯಿ ಅಂಗಡಿಗಳ ಹರಾಜು ನಡೆಯಿತು. ಹಿಂದೆ ಸರಾಯಿ ಎಂದರೆ ಬೆಲ್ಲ, ಜಾಲಿಯ ಚಕ್ಕೆ, ಹೂವು ಹಣ್ಣು ಕೊಳೆಹಾಕಿ ಭಟ್ಟಿ ಇಳಿಸಿದ್ದು. ಒಂದೊಂದು ಊರಿನ ಸರಾಯಿಗೆ ಒಂದೊಂದು ವಾಸನೆ. ಮೋಹಾದ್ದು ಹೂವಿನ ವಾಸನೆ, ಜಾಲಿಚಕ್ಕೆಯದ್ದು ಒಗರು. ಕಾರ್ಖಾನೆಯ ಕಾಲ ಬಂದ ಮೇಲೆ ಅದು ಹೋಯಿತು. ಕಾಕಂಬಿಯಿಂದ ಇಳಿಸಿದ ಸ್ಪಿರಿಟಿಗೆ ನೀರು ಬೆರೆಸಿ ಪ್ಲಾಸ್ಟಿಕ್ ಪಾಕೀಟಿನಲ್ಲಿ ತುಂಬಿದರು. ರುಚಿಯೂ ಇಲ್ಲ, ಊರೂ ಇಲ್ಲ. ಕೂಲಿಯವನು ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ, ಹೀರಿ, ಎಸೆದು ನಡೆದುಬಿಡುತ್ತಿದ್ದ. ಬ್ರೋರಾದವರು ಹೊಗೆ, ಜೇನುಮೇಣ ಎಂದು ರುಚಿಯ ಲೆಕ್ಕ ಬರೆದಿಟ್ಟರು. ನಮ್ಮ ಸರಾಯಿಯ ರುಚಿಯನ್ನು ಯಾರೂ ಬರೆದಿಡಲಿಲ್ಲ, ಏಕೆಂದರೆ ಪಾಕೀಟಿನ ಸರಾಯಿಯನ್ನು ಯಾರೂ ರುಚಿಗಾಗಿ ಕುಡಿಯಲಿಲ್ಲ. ಮೈನೋವು ಮರೆಯಲು, ಮನೆಯ ಮಾತು ಮರೆಯಲು ಕುಡಿದರು.

ಇದರ ವಿರುದ್ಧ ಮೊದಲು ಎದ್ದವರು ನಮ್ಮ ನೆರೆಯ ಆಂಧ್ರದ ತಾಯಂದಿರು. ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಅಕ್ಷರ ಕಲಿಯಲು ಕೂಡಿದ ಹೆಂಗಸರು ತಮ್ಮ ಊರಿನ ಸರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಆ ಬೆಂಕಿ ಹಳ್ಳಿಯಿಂದ ಹಳ್ಳಿಗೆ ಹತ್ತಿತು. 1993ರ ಅಕ್ಟೋಬರ್ 1ರಿಂದ ಆಂಧ್ರಪ್ರದೇಶದಲ್ಲಿ ಸರಾಯಿ ಬಂದಾಯಿತು. ಆ ತಾರೀಖನ್ನು ನಾವು ಮರೆಯುವ ಹಾಗಿಲ್ಲ. ಅದರ ಹಿಂದಿನ ದಿನ ನಸುಕಿನಲ್ಲಿಯೇ ಕಿಲ್ಲಾರಿಯ ಭೂಕಂಪ ನಮ್ಮ ಮನೆಗಳನ್ನು ಕೆಡವಿತ್ತು. ನಾವು ಮಣ್ಣಿನೊಳಗಿಂದ ನಮ್ಮವರನ್ನು ತೆಗೆಯುತ್ತಿದ್ದೆವು, ಆ ಸುದ್ದಿ ಕೇಳಲು ಯಾರಿಗೂ ಕಿವಿ ಇರಲಿಲ್ಲ. 1995ರ ಜನವರಿಯಲ್ಲಿ ಅಲ್ಲಿ ಪೂರ್ಣ ಪಾನನಿಷೇಧ ಬಂತು, 1997ರಲ್ಲಿ ಅದು ಸಡಿಲವಾಯಿತು. ಖಜಾನೆ ತಡೆಯಲಿಲ್ಲ.

ಕರ್ನಾಟಕದಲ್ಲಿ 2004ರಲ್ಲಿ ಕರಾವಳಿಯ ಜಿಲ್ಲೆಗಳನ್ನು ಬಿಟ್ಟು ಉಳಿದ ಕಡೆ ಸೇಂದಿ ನಿಂತಿತು. 2007ರ ಜುಲೈ 1ರಿಂದ ಸರಾಯಿ ನಿಂತಿತು. ಒಂದು ರಾತ್ರಿಯಲ್ಲಿ ಅಂಗಡಿಗಳ ಹಲಗೆ ಬಿದ್ದವು. ಗಡಿಯ ಆ ಕಡೆಯ ಹೆಂಗಸರು ಖುಷಿಪಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಖುಷಿ ಸುಳ್ಳಲ್ಲ. ಊರ ಬಾಗಿಲಲ್ಲಿ ಅಂಗಡಿ ಇರದಿದ್ದರೆ ಕೂಲಿಯ ಹಣದಲ್ಲಿ ಒಂದಷ್ಟಾದರೂ ಮನೆಯವರೆಗೆ ಬರುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂರು ದಾರಿಗಳು ತೆರೆದವು.

ಮೊದಲನೆಯ ದಾರಿ ಗಡಿ. ಆ ಕಡೆ ಸರಾಯಿ ಇಲ್ಲ, ಈ ಕಡೆ ದೇಶಿ ದಾರು ಉಂಟು. ನಡುವೆ ಒಂದು ಹಳ್ಳ ಅಥವಾ ಒಂದು ಬದು. ಗಡಿಕಲ್ಲಿಗೆ ಬಾಯಿ ಇದ್ದರೆ ಸಂಜೆಯಾದ ಮೇಲೆ ಯಾರು ಯಾರು ದಾಟಿದರೆಂದು ಹೇಳೀತು.

ಎರಡನೆಯ ದಾರಿ ಇನ್ನೊಂದು ಸೀಸೆ. ಸರಾಯಿಯ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿ, ಬ್ರಾಂದಿ, ರಮ್ ಬಂದವು. ಇಲ್ಲಿ ತಮಗೆ ಒಂದು ಗುಟ್ಟು ಹೇಳಬೇಕು. ನಮ್ಮ ದೇಶದಲ್ಲಿ ವಿಸ್ಕಿ ಎಂದು ಮಾರುವುದರಲ್ಲಿ ಹೆಚ್ಚಿನದು ಜವೆಗೋದಿಯಿಂದ ಆದದ್ದಲ್ಲ. ಕಾಕಂಬಿಯ ಸ್ಪಿರಿಟಿಗೆ ಬಣ್ಣ ಮತ್ತು ವಾಸನೆ ಕೂಡಿಸಿ, ಕೆಲವೊಮ್ಮೆ ಸ್ವಲ್ಪ ನಿಜವಾದ ವಿಸ್ಕಿ ಬೆರೆಸಿ ಮಾಡಿದ್ದು. ಯುರೋಪಿನ ಕಾಯ್ದೆಯಲ್ಲಿ ಅದಕ್ಕೆ ವಿಸ್ಕಿ ಎಂಬ ಹೆಸರಿಲ್ಲ. ಅಂದರೆ ಪಾಕೀಟಿನ ಸರಾಯಿಗೂ ಈ ಅಗ್ಗದ ವಿಸ್ಕಿಗೂ ತಾಯಿ ಒಬ್ಬಳೇ, ಸಕ್ಕರೆ ಕಾರ್ಖಾನೆಯ ಮಳಿ. ಹೊರಗಿನ ಅಂಗಿ ಮಾತ್ರ ಬೇರೆ.

ಹಾಗೆಂದು ನಮ್ಮ ನಾಡಿನಲ್ಲಿ ನಿಜವಾದ ವಿಸ್ಕಿ ಆಗಲೇ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ ಜವೆಗೋದಿಯ ಮೊಳಕೆಯಿಂದಲೇ ವಿಸ್ಕಿ ಇಳಿಸಿ, 2004ರಲ್ಲಿ ಅದನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಮಾರಾಟಕ್ಕೆ ಇಟ್ಟಿತು. ಕಮ್ಮಾರನ ಮನೆಗೆ ಸೂಜಿ ಮಾರಲು ಹೋದಂತೆ ಎಂದು ನಕ್ಕವರಿದ್ದರು, ಆಮೇಲೆ ಕುಡಿದು ಮೆಚ್ಚಿದರು. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಸುಮಾರು ಎರಡು ಪಾಲು ಆರಿಹೋಗುತ್ತದೆ. ಬೆಂಗಳೂರಿನ ಬಿಸಿಲಿಗೆ ಹತ್ತು ಪಾಲು, ಹೆಚ್ಚೂ ಕೂಡ. ಅದಕ್ಕಾಗಿ ಇಲ್ಲಿ ವಿಸ್ಕಿ ಬೇಗ ಹಣ್ಣಾಗುತ್ತದೆ, ಬೇಗ ಬರಿದೂ ಆಗುತ್ತದೆ. ಆದರೆ ಆ ಸೀಸೆಯ ಬೆಲೆ ನಮ್ಮ ಕೂಲಿಯವನ ಎಷ್ಟೋ ದಿನಗಳ ಪಗಾರ. ಸರಾಯಿ ಅಂಗಡಿ ಮುಚ್ಚಿದಾಗ ಅವನ ಕೈಗೆ ಬಂದದ್ದು ಆ ಸೀಸೆಯಲ್ಲ.

ಮೂರನೆಯ ದಾರಿ ಸಾವು. 2008ರ ಮೇ ತಿಂಗಳು, ಸರಾಯಿ ನಿಂತು ವರ್ಷ ತುಂಬುವ ಮೊದಲು, ಬೆಂಗಳೂರು, ಕೋಲಾರದ ಕಡೆ ಮತ್ತು ಅದಕ್ಕೆ ಹತ್ತಿದ ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯೂ ಗಡಿಯೇ ಎಂಬುದನ್ನು ಗಮನಿಸಿ. ಹಾಗೆಂದು ನಿಷೇಧದಿಂದಲೇ ಇದಾಯಿತು ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಬೆಂಗಳೂರಿನಲ್ಲಿ 1981ರಲ್ಲಿ, ಸರಾಯಿ ಅಂಗಡಿಗಳು ತೆರೆದೇ ಇದ್ದಾಗ, ವಿಷದ ಸರಾಯಿಗೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾಗಿದ್ದರು. ಎರಡೂ ಸಲ ಕೊಂದದ್ದು ಮಿಥೈಲ್ ಆಲ್ಕೋಹಾಲ್ ಎಂಬ ವಿಷ. ಬಣ್ಣ, ವಾರ್ನಿಶಿನ ಕೆಲಸಕ್ಕೆ ಬರುವ ಕಾರ್ಖಾನೆಯ ಸ್ಪಿರಿಟು ಅದು. ಕಡಿಮೆ ಖರ್ಚಿನಲ್ಲಿ ಹೆಚ್ಚು ಅಮಲು ತೋರಿಸಲು ಆಸೆಬುರುಕರು ಬೆರೆಸುತ್ತಾರೆ. ನೋಡಲು, ಮೂಸಲು ವ್ಯತ್ಯಾಸ ತಿಳಿಯುವುದಿಲ್ಲ. ಕುಡಿದ ಕೆಲವು ತಾಸಿಗೆ, ಒಮ್ಮೊಮ್ಮೆ ಮರುದಿನಕ್ಕೆ, ವಾಂತಿ, ಹೊಟ್ಟೆನೋವು, ಕಣ್ಣು ಮಂಜಾಗುವುದು ಶುರುವಾಗುತ್ತದೆ. ಕಣ್ಣು ಮಂಜಾದರೆ ಮಜ್ಜಿಗೆ, ನಿಂಬೆಹುಳಿ ಎಂದು ಹೊತ್ತು ಕಳೆಯಬೇಡಿ. ಮಲಗಿಸಿ ಇಳಿಯಲಿ ಎಂದು ಕಾಯಬೇಡಿ. ಕೂಡಲೇ ದೊಡ್ಡ ದವಾಖಾನೆಗೆ ಒಯ್ಯಿರಿ, ಏನು ಕುಡಿದನೆಂದು ಮುಚ್ಚಿಡದೆ ಡಾಕ್ಟರಿಗೆ ಹೇಳಿರಿ. ಇದಕ್ಕೆ ಔಷಧ ಉಂಟು. ತಡವಾದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ.

ಸೇಂದಿಯದೂ ಒಂದು ಮಾತು. ಮರ ಕಡಿಮೆಯಾಗಿ ಗಿರಾಕಿ ಹೆಚ್ಚಾದ ಕಡೆ, ನೀರಿಗೆ ಸಕ್ಕರೆ, ಕ್ಲೋರಲ್ ಹೈಡ್ರೇಟ್ ಮತ್ತು ನಿದ್ರೆಯ ಗುಳಿಗೆಗಳ ಪುಡಿ ಕೂಡಿಸಿ ಸೇಂದಿ ಎಂದು ಮಾರುವ ಕೆಟ್ಟ ಚಾಳಿ ಬಂತು. ಅದು ಮರದ ರಸವಲ್ಲ, ಔಷಧದ ಅಂಗಡಿಯ ರಸ. ಅದರ ಚಟ ಹತ್ತಿದವರಿಗೆ ಒಮ್ಮೆಲೇ ಸಿಗದೆ ಹೋದರೆ ಮೈ ನಡುಗುತ್ತದೆ, ಬುದ್ಧಿ ಭ್ರಮಿಸುತ್ತದೆ. 2015ರಲ್ಲಿ ತೆಲಂಗಾಣದ ನಿಜಾಮಾಬಾದದ ಕಡೆ ಇಂಥ ಸೇಂದಿಯನ್ನು ತಡೆದಾಗ ಹಾಗೆ ಬಳಲಿದವರು ದವಾಖಾನೆಗಳಿಗೆ ಬಂದರು. ಮನೆಯಲ್ಲಿ ಯಾರಾದರೂ ಹಾಗೆ ನಡುಗಿದರೆ ದೆವ್ವ ಎನ್ನಬೇಡಿ, ಭಗತನ ಬಳಿ ಓಡಬೇಡಿ. ಚಟ ಬಿಡುವುದಕ್ಕೂ ವೈದ್ಯರ ಕೈ ಬೇಕಾಗುತ್ತದೆ.

ಈಗ ಬ್ರೋರಾವನ್ನೂ ನಮ್ಮ ಸರಾಯಿಯನ್ನೂ ಒಂದು ತಕ್ಕಡಿಯಲ್ಲಿ ಇಟ್ಟು ನೋಡೋಣ. ಅಲ್ಲಿ ಕುಡಿಯುವವರು ಕಡಿಮೆ ಕೊಂಡಾಗ ಭಟ್ಟಿ ಮುಚ್ಚಿತು. ಇಲ್ಲಿ ಕುಡಿಯುವವರು ಹಾಗೇ ಇದ್ದರು, ಅಂಗಡಿ ಮುಚ್ಚಿತು. ಅಲ್ಲಿ ಬೇಡಿಕೆ ಬಂದಾಗ ಅದೇ ಹಂಡೆ ಮತ್ತೆ ಹತ್ತಿತು. ಇಲ್ಲಿ ಬೇಡಿಕೆ ಒಂದು ದಿನವೂ ಕಾಯಲಿಲ್ಲ, ಬೇರೆ ಹಂಡೆ ಹುಡುಕಿಕೊಂಡಿತು. ಹಾಗಾದರೆ ಭಟ್ಟಿಯ ನಿಜವಾದ ಬೀಗ ಇರುವುದು ಎಲ್ಲಿ? ಭಟ್ಟಿಯ ಬಾಗಿಲಲ್ಲಿ ಅರ್ಧ, ಊರಿನ ಕೈಯಲ್ಲಿ ಅರ್ಧ.

ಊರಿನ ಕೈಯಲ್ಲಿರುವ ಅರ್ಧವನ್ನು ಮಹಾರಾಷ್ಟ್ರದ ನಿಯಮ ತಮಗೆ ಕೊಟ್ಟಿದೆ. ಉಭೀ ಬಾಟಲಿ, ಆಡವೀ ಬಾಟಲಿ ಎಂಬುದನ್ನು ತಾವು ಕೇಳಿದ್ದೀರಿ. ಊರಿನ ಮಹಿಳಾ ಮತದಾರರಲ್ಲಿ ನಾಲ್ಕನೇ ಒಂದು ಪಾಲು ಜನ ಸಹಿ ಮಾಡಿ ಬೇಡಿದರೆ, ಸರಕಾರ ಗುಪ್ತ ಮತದಾನ ಮಾಡಿಸುತ್ತದೆ. ಓದು ಬಾರದವರಿಗೂ ತಿಳಿಯಲೆಂದು ಚೀಟಿಯಲ್ಲಿ ಎರಡು ಚಿತ್ರ. ನಿಂತ ಬಾಟಲಿ ಎಂದರೆ ದುಕಾನ ಇರಲಿ, ಅಡ್ಡ ಬಿದ್ದ ಬಾಟಲಿ ಎಂದರೆ ದುಕಾನ ಹೋಗಲಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಮತ ಹಾಕಿದವರಲ್ಲಿ ಅರ್ಧ ಸಾಲದು, ಯಾದಿಯಲ್ಲಿ ಹೆಸರಿರುವ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಡ್ಡ ಬಾಟಲಿಗೆ ಹಾಕಬೇಕು. ಅಂದು ಕಬ್ಬು ಕಡಿಯಲು ಹೋದವಳು, ತವರಿಗೆ ಹೋದವಳು, ಯಾಕೆ ಬೇಕು ತಂಟೆ ಎಂದು ಮನೆಯಲ್ಲಿ ಕೂತವಳು, ಇವರೆಲ್ಲರ ಬಾರದ ಮತ ದುಕಾನಿನ ಲೆಕ್ಕಕ್ಕೇ ಹೋಗುತ್ತದೆ. ಬಂದ ಮತಗಳಲ್ಲಿ ಅಡ್ಡ ಬಾಟಲಿಗೆ ಹೆಚ್ಚು ಬಿದ್ದರೂ ಅರ್ಧ ತುಂಬದೆ ದುಕಾನ ಉಳಿದ ಊರುಗಳು ಉಂಟು. ಆದ್ದರಿಂದ ಮತದಾನದ ದಿನವನ್ನು ಸುಗ್ಗಿಯ ದಿನಗಳಲ್ಲಿ ಗೊತ್ತುಮಾಡದಂತೆ ಮೊದಲೇ ಕೇಳಿಕೊಳ್ಳಿ. ಗುಳೆ ಹೋದವರಿಗೆ ಹೇಳಿ ಕಳಿಸಿ.

ದೊಡ್ಡ ಬಂದಿಗಳ ಅನುಭವವೂ ನಮ್ಮ ಮುಂದಿದೆ. ಗಡಚಿರೋಲಿ ಜಿಲ್ಲೆಯಲ್ಲಿ 1993ರಿಂದ ದಾರುಬಂದಿ ಇದೆ. ಪಕ್ಕದ ಚಂದ್ರಪುರದಲ್ಲಿ 2015ರಲ್ಲಿ ಬಂದ ಬಂದಿಯನ್ನು 2021ರಲ್ಲಿ ಸರಕಾರವೇ ತೆಗೆಯಿತು. ಮೇಲಿನಿಂದ ಬಂದದ್ದನ್ನು ಮೇಲಿನವರೇ ಹಿಂದೆ ತೆಗೆದುಕೊಳ್ಳಬಹುದು. ಊರು ತಾನೇ ಅಡ್ಡ ಹಾಕಿದ ಬಾಟಲಿಯನ್ನು ಎಬ್ಬಿಸಿ ನಿಲ್ಲಿಸುವುದು ಅಷ್ಟು ಸುಲಭವಲ್ಲ.

ಆದರೆ ಗಡಿಯ ನಮಗೆ ಇನ್ನೊಂದು ಕೆಲಸ ಹೆಚ್ಚು. ಈ ದಂಡೆಯ ಊರು ಬಾಟಲಿ ಮಲಗಿಸಿ ಆ ದಂಡೆಯ ಊರು ಸುಮ್ಮನಿದ್ದರೆ, ಗಂಡಸರ ಕಾಲಿಗೆ ಒಂದು ಹಳ್ಳ ಎಷ್ಟರ ದೂರ? ಕಮಲನಗರದ ಕಡೆಯ ಅಕ್ಕ ಉದಗೀರದ ಕಡೆಯ ತಂಗಿಗೆ, ಬಸವಕಲ್ಯಾಣದ ಅತ್ತೆ ಉಮರ್ಗಾದ ಸೊಸೆಗೆ ಮಾತಾಡಬೇಕು. ಜಾತ್ರೆಗೆ, ಲಗ್ನಕ್ಕೆ, ಅಕ್ಷತೆಗೆ ಕೂಡುವ ಜನ ಈ ಒಂದು ವಿಷಯಕ್ಕೂ ಕೂಡಬಹುದು. ರಾಜ್ಯಗಳು ಎರಡು, ಕಾಯ್ದೆಗಳು ಎರಡು, ಮನೆಯ ಕಣ್ಣೀರು ಒಂದೇ.

ಕಡೆಯ ಒಂದು ಮಾತು. ಮರ ಹತ್ತುತ್ತಿದ್ದ ಮನೆತನಗಳನ್ನು ಮರೆಯಬೇಡಿ. ಅವರ ಕಸುಬು ಮುಚ್ಚಿದಾಗ ಬ್ರೋರಾದ ಹಂಡೆಯಂತೆ ಅದನ್ನು ಯಾರೂ ರಿಪೇರಿ ಮಾಡಿಸಲಿಲ್ಲ. ಬದುವಿನಲ್ಲಿ ಉಳಿದ ಈಚಲ ಮರವನ್ನು ಕಡಿಯದೆ ಬಿಡಿ. ಅದರ ಗರಿಯಿಂದ ಚಾಪೆಯಾದರೂ ಆದೀತು, ಕಸಬರಿಗೆಯಾದರೂ ಆದೀತು. ಹಣ್ಣು ಮಕ್ಕಳಿಗೆ, ನೆರಳು ದನಕ್ಕೆ. ತಪ್ಪು ಎಂದೂ ಮರದ್ದಾಗಿರಲಿಲ್ಲ.

ಆ ತಾಯಿ ಇದನ್ನು ಕೇಳುತ್ತಿದ್ದರೆ ಅವರಿಗೆ ನನ್ನ ಉತ್ತರ ಇಷ್ಟು: ಅವ್ವಾ, ದುಕಾನ ಮುಚ್ಚಿದರೆ ಕುಡಿಯುವುದು ತಾನಾಗಿ ನಿಲ್ಲುವುದಿಲ್ಲ. ಆದರೆ ದುಕಾನ ತೆರೆದೇ ಇದ್ದರೆ, ನಿಲ್ಲಿಸಬೇಕೆಂದು ಮನಸ್ಸು ಮಾಡಿದವನಿಗೂ ದಿನಾ ಅದರ ಮುಂದೆಯೇ ಹಾಯ್ದು ಮನೆಗೆ ಹೋಗಬೇಕಾಗುತ್ತದೆ. ಆ ದಾರಿಯನ್ನಾದರೂ ನಾವು ಅವನಿಗೆ ಸುಲಭ ಮಾಡಿಕೊಡೋಣ.